ಓರ್ಸ್ಟೆಡ್‌ಗೆ ಸಿಕ್ಕಿದ್ದು ಬರೀ ಅದೃಷ್ಟವಲ್ಲ

ವಿದ್ಯುತ್ಕಾಂತತೆಯ ಪಾಠ ಸೂತ್ರದಿಂದಲ್ಲ, ಅದನ್ನು ಕಂಡುಹಿಡಿದ ಚರಿತ್ರೆಯಿಂದ ಶುರುವಾಗಬೇಕು ಎಂಬುದು ನನ್ನ ವಾದ. ದಾವಣಗೆರೆ, ಹರಿಹರದ ಹಲವು ಉಪನ್ಯಾಸಕ ಮಿತ್ರರು ಇದನ್ನು ಒಪ್ಪುವುದಿಲ್ಲ.

ಡೆನ್ಮಾರ್ಕಿನ ವಿಜ್ಞಾನಿ ಓರ್ಸ್ಟೆಡ್ ವಿದ್ಯುತ್ಕಾಂತತೆಯನ್ನು ಕಂಡದ್ದು ಆಕಸ್ಮಿಕ, ಅದರಲ್ಲಿ ಕಲಿಯುವುದೇನು ಎನ್ನುತ್ತಾರೆ. ಆದರೆ ವಿದ್ಯುತ್ತಿಗೂ ಕಾಂತಕ್ಕೂ ನಂಟಿರಬೇಕೆಂದು ಅವರು 1812ರಲ್ಲೇ ಬರೆದಿದ್ದರು. 1820ರ ವಸಂತದಲ್ಲಿ, ಕೋಪನ್‌ಹೇಗನ್ನಿನ ಉಪನ್ಯಾಸವೊಂದರಲ್ಲಿ ಪ್ರವಾಹ ಹರಿಯುವ ತಂತಿಯ ಬಳಿ ಕಾಂತಸೂಜಿ ಅಲುಗಿದ್ದು ತೀರ ಸ್ವಲ್ಪ. ಆಮೇಲೆ ದೊಡ್ಡ ಬ್ಯಾಟರಿ ಕಟ್ಟಿ, ತಂತಿಗೂ ಸೂಜಿಗೂ ನಡುವೆ ಗಾಜು, ಮರ, ಲೋಹ ಇಟ್ಟು ನೋಡಿ, ಜುಲೈ 21ರಂದು ಲ್ಯಾಟಿನ್‌ನಲ್ಲಿ ಪ್ರಕಟಿಸಿದರು. ಬಲ ತಂತಿಯ ಉದ್ದಕ್ಕಲ್ಲ, ಸುತ್ತಲೂ ಇದೆ ಎಂಬುದು ಯಾರೂ ಊಹಿಸದ ಮಾತಾಗಿತ್ತು. ಇದನ್ನು ಅದೃಷ್ಟವೆಂದು ತಳ್ಳಿಹಾಕುವುದು ಅನ್ಯಾಯ.

ಇಟಲಿಯ ರೊಮಾನ್ಯೋಸಿ 1802ರಲ್ಲೇ ಸೂಜಿ ಕದಲಿದ್ದನ್ನು ವರದಿ ಮಾಡಿದ್ದು ನಿಜ. ಆದರೆ ತಂತಿಯಲ್ಲಿ ಹರಿಯುವ ಪ್ರವಾಹದ ಪರಿಣಾಮವೆಂದು ಅವರು ತೋರಿಸಲಿಲ್ಲ.

ಅಗಸ್ತ್ಯ ಸಂಹಿತೆಯಲ್ಲಿ ಎಲ್ಲ ಇತ್ತು ಎನ್ನುವವರಿಗೆ: ಅಲ್ಲಿ ವಿದ್ಯುತ್‌ಕೋಶ ಇತ್ತೆಂದೇ ಇಟ್ಟುಕೊಳ್ಳೋಣ. ಕೋಶವಿದ್ದರೆ ವಿದ್ಯುತ್ಕಾಂತತೆ ತಿಳಿದಂತಲ್ಲ. 1800ರಲ್ಲಿ ವೋಲ್ಟಾ ಕೋಶವನ್ನು ಪ್ರಕಟಿಸಿದ ಮೇಲೂ ವಿದ್ಯುತ್ಕಾಂತತೆ ಕಾಣಲು ಯುರೋಪಿಗೆ 20 ವರ್ಷ ಹಿಡಿಯಿತು.

ನನಗೆ ಹೆಚ್ಚು ನೋವಾಗಿದ್ದು, ಈ ಚರಿತ್ರೆಗೂ ನಮ್ಮೂರಿಗೂ ಏನು ಸಂಬಂಧ ಎಂಬ ಪ್ರಶ್ನೆಯಿಂದ. 1941ರಲ್ಲಿ ಹರಿಹರಕ್ಕೆ ಬಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಾಡುತ್ತಿತ್ತು. ಲೇತ್ ತಿರುಗಿಸುವ ಮೋಟಾರಿನ ಮೂಲ, 1821ರಲ್ಲಿ ಕಾಂತದ ಸುತ್ತ ಫ್ಯಾರಡೆ ತಿರುಗಿಸಿದ ತಂತಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತಿನ ಬೇರು, 1831ರ ಆಗಸ್ಟ್ 29ರಂದು ಅವರೇ ಕಬ್ಬಿಣದ ಬಳೆಗೆ ಸುತ್ತಿದ ಎರಡು ಸುರುಳಿಗಳಲ್ಲಿದೆ. ದಾವಣಗೆರೆಯ ವೈಂಡಿಂಗ್ ಅಂಗಡಿಗೆ ಹೋಗಿ. ಕಾಯಿಲ್ ಸುಟ್ಟ ಪಂಪ್‌ಸೆಟ್ ಮೋಟಾರು ಬಿಚ್ಚಿದವರು ಹಳೇ ಸುತ್ತುಗಳನ್ನು ಎಣಿಸಿಯೇ ಹೊಸ ತಾಮ್ರದ ತಂತಿ ಹಾಕುತ್ತಾರೆ. ಸುತ್ತು ಕಮ್ಮಿಯಾದರೆ ಮೋಟಾರು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆಂದು ಅವರಿಗೆ ಕೈಯಿಂದಲೇ ಗೊತ್ತು. ಆಂಪಿಯರ್‌ನ ನಿಯಮ ಬಾಯಿಪಾಠ ಮಾಡಿದ ನಮ್ಮ ವಿದ್ಯಾರ್ಥಿಗೆ ಇದು ಗೊತ್ತಿರಬೇಡವೇ?

ಪರೀಕ್ಷೆಯ ಒತ್ತಡದಲ್ಲಿ ಸಮಯವಿಲ್ಲ ಎಂಬುದು ಕೊನೆಯ ಆಕ್ಷೇಪ. ಒಂದು ಟಾರ್ಚ್ ಸೆಲ್, ಒಂದು ತುಂಡು ತಂತಿ, ಒಂದು ದಿಕ್ಸೂಚಿ ಸಾಕು. ತಂತಿಯನ್ನು ಸೂಜಿಯ ನೇರಕ್ಕೆ, ಮೊದಲು ಮೇಲೆ, ಆಮೇಲೆ ಕೆಳಗೆ ಹಿಡಿದು ಕ್ಷಣಹೊತ್ತು ಕರೆಂಟ್ ಹರಿಸಿ. ಎರಡನೇ ಸಲ ಸೂಜಿ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಯಾಕೆ ಸರ್ ಎಂದು ಮಕ್ಕಳು ಕೇಳಿದ ಮೇಲೆ ಬೋರ್ಡಿನ ಮೇಲೆ ಸೂತ್ರ ಬರೆಯಿರಿ, ನನ್ನ ತಕರಾರಿಲ್ಲ.