ಲಾರಿ ಯಾರ ಬೀದಿಯಲ್ಲಿ ಓಡಬೇಕು?

ಲಂಡನ್ನಿನ ಒಳಚರಂಡಿ ಸುದ್ದಿ ನಮಗ್ಯಾಕೆ ಅಂತ ಹಾಸ್ಟೆಲಿನ ಗೆಳೆಯರು ಕೇಳಬಹುದು. ಕೇಳಲಿ. ಹೇಲಿನ ಮಾತು ಬಂದಾಗ ಮೂಗು ಮುಚ್ಚಿಕೊಂಡು ಆಚೆ ಹೋಗುವ ಅನುಕೂಲ ಈ ದೇಶದಲ್ಲಿ ನಮ್ಮ ಜನಕ್ಕೆ ಯಾವತ್ತೂ ಇರಲಿಲ್ಲ. ಅಲ್ಲದೆ ಬಾಬಾಸಾಹೇಬರು 1916ರಲ್ಲಿ ಒಮ್ಮೆ, 1920ರಿಂದ 1923ರವರೆಗೆ ಮತ್ತೊಮ್ಮೆ ಓದಿದ ಊರು ಅದು. ಅವರು ನಡೆದಾಡಿದ ಬೀದಿಗಳ ಕೆಳಗೆ ಹರಿಯುತ್ತಿದ್ದ ಕೊಳಚೆ ಕಾಲುವೆಗಳ ಮುಂದಿನ ಕಥೆ ಇದು.

1849ರಲ್ಲಿ, ಮತ್ತೆ 1854ರಲ್ಲಿ ಲಂಡನ್ನಿಗೆ ಕಾಲರಾ ಬಂದು ಸಾವಿರಾರು ಜನ ಸತ್ತರು. ಬಡವರ ಕೇರಿಗಳಿಗೇ ಹೆಚ್ಚು ಪೆಟ್ಟು. ಆಗ ಆಮೆಯ ಹಾಗೆ ತೆವಳುತ್ತಿದ್ದ ಪಾರ್ಲಿಮೆಂಟು, 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ತನ್ನ ಕಿಟಕಿಗೇ ಬಂದು ಬಡಿದಾಗ ತಡಬಡಾಯಿಸಿ ಕಾನೂನು ಮಾಡಿತು. ಜೋಸೆಫ್ ಬೆಜಲ್‌ಜೆಟ್ ಎಂಬ ಇಂಜಿನಿಯರು ಕಾಲುವೆಗಳ ಜಾಲ ಕಟ್ಟಿದ. ಅವನು ಇಟ್ಟುಕೊಂಡ ಲೆಕ್ಕ ಸುಮಾರು 40 ಲಕ್ಷ ಜನರದು. ಇವತ್ತು ಅಲ್ಲಿ ಸುಮಾರು 90 ಲಕ್ಷ ಜನ ಇದ್ದಾರೆ. ಮಳೆ ನೀರು, ಕಕ್ಕಸಿನ ನೀರು ಎರಡೂ ಒಂದೇ ಕಾಲುವೆಯಲ್ಲಿ ಹೋಗುತ್ತವೆ. ಮಳೆ ಬಂತೆಂದರೆ ಕಾಲುವೆ ತುಂಬಿ ಎಲ್ಲವೂ ನದಿಗೆ. ವರ್ಷಕ್ಕೆ ಸುಮಾರು 3.9 ಕೋಟಿ ಟನ್ ಕೊಳಚೆ ಹೀಗೆ ನದಿ ಸೇರುತ್ತಿತ್ತು.

ಇದನ್ನು ತಡೆಯಲು 25 ಕಿಲೋಮೀಟರ್ ಉದ್ದದ, 7.2 ಮೀಟರ್ ಅಗಲದ ಒಂದು ಸುರಂಗ ತೋಡಿದರು. ಪಶ್ಚಿಮದ ಆಕ್ಟನ್‌ನಿಂದ ಪೂರ್ವದ ಆ್ಯಬಿ ಮಿಲ್ಸ್‌ವರೆಗೆ. ಕೆಲಸ ಶುರುವಾದದ್ದು 2016ರಲ್ಲಿ, ಎಲ್ಲ ಕಾಲುವೆಗಳೂ ಅದಕ್ಕೆ ಕೂಡಿಕೊಂಡದ್ದು 2025ರ ಫೆಬ್ರವರಿಯಲ್ಲಿ. ನದಿ ಶುದ್ಧವಾಗುವುದು ಯಾರಿಗೆ ಬೇಡ? ಅಲ್ಲಿನ ಜನರ ತಕರಾರು ಅದಲ್ಲ. ಸುರಂಗ ಭೂಮಿಯ ಕೆಳಗಿದ್ದರೂ ತೋಡಿದ ಮಣ್ಣು ಮೇಲೆಯೇ ಬರಬೇಕು, ಸಿಮೆಂಟು, ಕಬ್ಬಿಣ ಮೇಲಿನಿಂದಲೇ ಇಳಿಯಬೇಕು. ಅದನ್ನು ಹೊರುವ ಲಾರಿಗಳು ಯಾರ ಬೀದಿಯಲ್ಲಿ, ಯಾರ ಮಕ್ಕಳ ಶಾಲೆಯ ಮುಂದೆ, ಎಷ್ಟು ವರ್ಷ ಓಡಬೇಕು? ಜನ ಕೇಳಿದ್ದು ಇದನ್ನ.

ಯೋಜನೆಯವರು 2010ರಲ್ಲಿ ಜನರ ಅಭಿಪ್ರಾಯ ಕೇಳಿದಾಗ ರಾದರ್‌ಹೈತ್‌ನ ಕಿಂಗ್ಸ್ ಸ್ಟೇರ್ಸ್ ಗಾರ್ಡನ್ಸ್ ಎಂಬ ನದಿ ದಂಡೆಯ ಪಾರ್ಕಿನಲ್ಲಿ ಗುಂಡಿ ತೋಡುವ ಮಾತಿತ್ತು. ಜನ ಎದ್ದು ನಿಂತರು. 2011ರಲ್ಲಿ ಪಾರ್ಕು ಉಳಿಯಿತು. ಆದರೆ ಗುಂಡಿ ಮಾಯವಾಯಿತಾ? ಇಲ್ಲ. ಅದೇ ದಂಡೆಯಲ್ಲಿ ಸ್ವಲ್ಪ ಆಚೆ, ಬರ್ಮಂಡ್ಸಿಯ ಚೇಂಬರ್ಸ್ ವಾರ್ಫ್‌ಗೆ ಹೋಯಿತು. ಅದರ ಪಕ್ಕದ ಜೇಕಬ್ಸ್ ಐಲೆಂಡ್ ಒಂದು ಕಾಲಕ್ಕೆ ಕಾಲರಾಕ್ಕೆ ಹೆಸರಾಗಿದ್ದ ಕೊಳೆಗೇರಿ. ಇನ್ನೂ ಪೂರ್ವಕ್ಕೆ ಡೆಪ್ಟ್‌ಫರ್ಡ್‌ನಲ್ಲಿ ಚರ್ಚು, ಪ್ರಾಥಮಿಕ ಶಾಲೆ ಇರುವ ಕಡೆ ಒಂದು ಹಸಿರು ಜಾಗವನ್ನು ಆರಿಸಿದರು. ಅಲ್ಲಿಗೆ ನದಿ ಇಲ್ಲ. ಅಂದಮೇಲೆ ಎಲ್ಲಾ ಲಾರಿಯಲ್ಲೇ. ನಮ್ಮ ಊರಿನ ಎದೆಯ ಮೇಲೆ ಸುರಿಯಬೇಡಿ ಅಂತ ಅಲ್ಲಿಯವರು ಬೀದಿಗಿಳಿದರು.

ಇಲ್ಲಿ ನಾವು ಒಂದು ಕಹಿ ಮಾತು ಹೇಳಲೇಬೇಕು. ಪಾರ್ಕು ಉಳಿಸಿಕೊಂಡವರು ತಪ್ಪು ಮಾಡಲಿಲ್ಲ. ಆದರೆ ‘ನಮ್ಮ ಬೀದಿಗೆ ಬೇಡ’ ಅಂದಷ್ಟಕ್ಕೆ ಹೋರಾಟ ನಿಂತರೆ ಹೊರೆ ಇಳಿಯುವುದಿಲ್ಲ, ಪಕ್ಕದವನ ಹೆಗಲಿಗೆ ಜಾರುತ್ತದೆ. ನಕ್ಷೆ ಬರೆಯುವವನಿಗೆ ಬೇಕಾದದ್ದೂ ಅದೇ. ಒಂದು ಕೇರಿ ಇನ್ನೊಂದು ಕೇರಿಯ ಮೇಲೆ ಬೆರಳು ತೋರಿಸಿಕೊಂಡಿದ್ದರೆ ಅವನು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಜನರ ಇನ್ನೊಂದು ಬೇಡಿಕೆ ಹಾಗಿರಲಿಲ್ಲ. ‘ನದಿ ಪಕ್ಕದಲ್ಲೇ ಇದೆಯಲ್ಲ, ಮಣ್ಣನ್ನು ದೋಣಿಯಲ್ಲಿ ಸಾಗಿಸಿ’ ಅಂದರು. ಲೆಕ್ಕ ಸರಳ. 1000 ಟನ್ ಹೊರುವ ಒಂದು ದೋಣಿ ಅಂದರೆ 20 ಟನ್ನಿನ 50 ಲಾರಿ. ಈ ಬೇಡಿಕೆ ಯಾರ ಬೀದಿಯನ್ನೂ ಬಲಿ ಕೊಡುವುದಿಲ್ಲ, ಖರ್ಚು ಮಾಡುವವನನ್ನೇ ಹಿಡಿದು ಕೇಳುತ್ತದೆ. 2013-14ರಲ್ಲಿ ಆರು ತಿಂಗಳು ಸರ್ಕಾರಿ ವಿಚಾರಣೆ ನಡೆಯಿತು. ಹೆಸರು ಬರೆಸಿದ ಯಾವ ನಿವಾಸಿಯೂ ಅಲ್ಲಿ ಹೋಗಿ ಮಾತಾಡಬಹುದಿತ್ತು. 2014ರ ಸೆಪ್ಟೆಂಬರಿನಲ್ಲಿ ಮಂತ್ರಿಗಳು ಒಪ್ಪಿಗೆ ಕೊಟ್ಟರು. ಮುಖ್ಯ ಸುರಂಗದ ಮಣ್ಣಿನ ಬಹುಪಾಲು ದೋಣಿಯಲ್ಲೇ ಹೋಯಿತು. ಪೂರ್ತಿ ಗೆಲುವು ಅಂತ ನಾವು ಹೇಳುವುದಿಲ್ಲ. ಡೆಪ್ಟ್‌ಫರ್ಡ್‌ಗೆ ಲಾರಿ ತಪ್ಪಲಿಲ್ಲ. ಚೇಂಬರ್ಸ್ ವಾರ್ಫ್‌ನ ನೆರೆಯವರು ವರ್ಷಗಟ್ಟಲೆ ಹಗಲೂ ರಾತ್ರಿ ಸದ್ದು ತಿಂದರು. ಆದರೂ ಕೇಳಿದ್ದರಿಂದ ಎಷ್ಟೋ ಸಾವಿರ ಲಾರಿ ರಸ್ತೆಗೆ ಇಳಿಯಲಿಲ್ಲ.

ಈಗ ನಮ್ಮ ಕಡೆ ತಿರುಗೋಣ. ಅಲ್ಲಿ ಸುರಂಗ ತೋಡಲು ಯಂತ್ರ ಇಳಿಯಿತು. ಇಲ್ಲಿ ಮ್ಯಾನ್‌ಹೋಲಿಗೆ ಮನುಷ್ಯ ಇಳಿದು ಸಾಯುತ್ತಾನೆ, ಅವನ ಜಾತಿ ಯಾವುದು ಅಂತ ಯಾರೂ ಕೇಳಬೇಕಾಗಿಲ್ಲ. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಿದರು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಒಳಚರಂಡಿಯಲ್ಲಿ ಸತ್ತವನ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಹೆಣದ ಬೆಲೆ ಏರಿದೆ, ಇಳಿಯುವುದು ನಿಂತಿಲ್ಲ.

ಗೆಳೆಯರೆ, ನಾಳೆ ನಿಮ್ಮ ಊರಿಗೂ ಯುಜಿಡಿ ಬರುತ್ತದೆ, ಕೊಳಚೆ ಶುದ್ಧಿ ಘಟಕ ಬರುತ್ತದೆ. ಬರಲಿ, ಬೇಕು. ಆದರೆ ಓದಿದವರು ನೀವು, ನಕ್ಷೆ ಕೇಳಿ. ಘಟಕ ಯಾವ ಕೇರಿಯ ಪಕ್ಕ? ಲಾರಿ ಯಾವ ದಾರಿ? ಕಟ್ಟಿದ ಮೇಲೆ ಒಳಗೆ ಇಳಿಯುವುದು ಯಂತ್ರವೋ ನಮ್ಮಣ್ಣನೋ? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ನಮ್ಮ ಕೇರಿಗೆ ಬೇಡ ಅಂತ ಮಾತ್ರ ಕೂಗಿ ಸುಮ್ಮನಾಗಬೇಡಿ. ಅದು ಹೋಗಿ ನಿಲ್ಲುವುದು ಇನ್ನೊಂದು ಊರಿನ ನಮ್ಮದೇ ಕೇರಿಯಲ್ಲಿ.