ಹಗುರವಾದ ವಾಹನ ಅಲ್ಪಪರಿಗ್ರಹವೇ?

ಹಳೆಯ ಲಿಮೊಸಿನ್ ಕಾರು ಪರಿಗ್ರಹದ ಗುರುತು, ಇಂದಿನ ಹಗುರವಾದ ಸ್ಪೋರ್ಟ್ಸ್ ಕಾರು ಮಿತತ್ವದ ಗುರುತು ಎಂಬ ವಾದವೊಂದು ಅನುಕೂಲಸ್ಥ ಮನೆತನಗಳ ತರುಣರಿಂದ ಆಗಾಗ ಕೇಳಿಬರುತ್ತದೆ. ಲೋಹ ಕಡಿಮೆ, ಪೆಟ್ರೋಲು ಕಡಿಮೆ, ಆದ್ದರಿಂದ ದೋಷವೂ ಕಡಿಮೆ ಎಂಬುದು ಅವರ ತರ್ಕ. ಈ ತರ್ಕವನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡಬೇಕಾಗಿದೆ.

ಹಳೆಯ ವೈಭವವನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಬೀದರ, ಭಾಲ್ಕಿ, ಔರಾದಗಳು 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಹೇಳಿ ಮಾಡಿಸಿದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರಿನ ಹಿಂಭಾಗದಲ್ಲಿ ದೊರೆಗೆಂದೇ ಸಿಂಹಾಸನದಂಥ ಎತ್ತರದ ಪೀಠವಿತ್ತು. ಎಂಜಿನ್ನು 7 ಲೀಟರಿಗೂ ಮಿಗಿಲಾದದ್ದು. ಕಾರು ಕೈಸೇರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಬಯಸಿದವರು ಏರಲಿಲ್ಲ, ಕಾರು ಅರಮನೆಯ ವಸ್ತುವಾಗಿ ಉಳಿಯಿತು. ಪರಿಗ್ರಹದ ಪಾಠಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ಆದರೆ ಹೊಸದರ ಲೆಕ್ಕವೇನು? 1996ರಲ್ಲಿ ಮಾರಾಟಕ್ಕೆ ಬಂದ ಇಂಗ್ಲೆಂಡಿನ ಲೋಟಸ್ ಎಲಿಸ್ ಕಾರಿನ ಅಲ್ಯುಮಿನಿಯಂ ಚೌಕಟ್ಟಿನ ತೂಕ 68 ಕೆ.ಜಿ., ಇಡೀ ಕಾರಿನದು ಸುಮಾರು 725 ಕೆ.ಜಿ. ಕೂರುವವರು ಇಬ್ಬರು; ತಲೆಗೆ 362 ಕೆ.ಜಿ. 1959ರ ರೋಲ್ಸ್ ರಾಯ್ಸ್ ಫ್ಯಾಂಟಮ್ 5 ಲಿಮೊಸಿನ್ ಸುಮಾರು ಎರಡೂವರೆ ಟನ್ನಿನದು. ಅದರಲ್ಲಿ ಏಳು ಜನ ಕುಳಿತರೆ ತಲೆಗೆ 357 ಕೆ.ಜಿ. ಜಮಾಖರ್ಚು ಬಲ್ಲ ಸಮಾಜಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಏಕೆ?

ಪೆಟ್ರೋಲಿನ ಉಳಿತಾಯ ನಿಜವೇ. ಆದರೆ ಅಲ್ಲಿ ಭಾರವನ್ನು ಇಳಿಸಿದ್ದು ಸಂಯಮಕ್ಕಾಗಿ ಅಲ್ಲ, ವೇಗಕ್ಕಾಗಿ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಆ ಕಾರಿಗೆ 6 ಸೆಕೆಂಡುಗಳ ಆಸುಪಾಸು ಸಾಕು. ಬೀದರದಿಂದ ಭಾಲ್ಕಿಗೋ ಔರಾದಕ್ಕೋ ಹೋಗುವ ದಾರಿಯಲ್ಲಿ ದನಕರುಗಳಿವೆ, ನಾಯಿಗಳಿವೆ, ಶಾಲೆಗೆ ನಡೆವ ಮಕ್ಕಳಿದ್ದಾರೆ. ಅಲ್ಲಿ ಈ ವೇಗ ಯಾರ ಹಿತಕ್ಕೆ? ಮುನಿಗಳ ಈರ್ಯಾಸಮಿತಿಗೆ ಕೈಮುಗಿಯುವ ಗೃಹಸ್ಥನು ತಾನು ಮಾತ್ರ ನೆಲವನ್ನೇ ನೋಡದಷ್ಟು ವೇಗವಾಗಿ ಸಾಗುವುದು ಯಾವ ಭಕ್ತಿ?

ಪರಿಗ್ರಹವು ವಸ್ತುವಿನ ತೂಕದಲ್ಲಿಲ್ಲ, ಅದರ ಮೇಲಿನ ಮೂರ್ಛೆಯಲ್ಲಿದೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಸಿಂಹಾಸನದ ಮೋಹವೂ ವೇಗದ ಮೋಹವೂ ಒಂದೇ ಕುಲದವು. ಆದ್ದರಿಂದ ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ವಾಹನ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದುದು ಅದು ಹಳೆಯದೋ ಹೊಸದೋ ಎಂದಲ್ಲ. ಎಷ್ಟು ಜನರಿಗೆ, ಯಾವ ಕೆಲಸಕ್ಕೆ, ಎಷ್ಟು ಸಾಕು ಎಂದು. ಆ ‘ಸಾಕು’ ಎಂಬ ಮಾತನ್ನು ಮೊದಲೇ ನಿಶ್ಚಯಿಸಿಕೊಳ್ಳುವುದೇ ಪರಿಗ್ರಹ ಪರಿಮಾಣ ವ್ರತ.