ಕಟ್ಟಿದ ಹೊಟ್ಟೆ, ಬಿಚ್ಚಿದ ಮಾತು

'ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಓದಿಸಿದರು' ಎಂಬ ಮಾತು ನಮ್ಮಲ್ಲಿ ಮನೆಮನೆಯಲ್ಲೂ ಕೇಳಿಬರುತ್ತದೆ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ನೆಲೆಯೂರಿದ ನಮ್ಮ ಹಿರಿಯರಲ್ಲಿ ಬಹುಮಂದಿ ಹಾಗೆಯೇ ಬಾಳಿದವರು. ಅವರ ಪಾಲಿಗೆ ಅದೊಂದು ನುಡಿಗಟ್ಟು. ಈಗಲಾದರೋ, ಹೊಟ್ಟೆಯನ್ನು ನಿಜವಾಗಿಯೂ ಕಟ್ಟುವ ಶಸ್ತ್ರಕ್ರಿಯೆ ಬಂದು ಎಷ್ಟೋ ವರ್ಷಗಳಾದುವು. ಅಂದು ಸಾಲದೆಂದು ಕಟ್ಟಿದರು. ಇಂದು ಮೈಭಾರ ತಾಳಲಾರದೆ ಕಟ್ಟಿಸಿಕೊಳ್ಳುತ್ತಾರೆ. ಕಾಲದ ಮಹಿಮೆ!

ಕಳೆದ ಸಂಚಿಕೆ ತಲುಪಿದ ವಾರದಲ್ಲೇ ಪುಣೆಯ ಸೋದರಿಯೊಬ್ಬರಿಂದ ನಾಲ್ಕು ಪುಟದ ಕಾಗದ ಬಂತು. ಹೆಸರು ಹಾಕಕೂಡದೆಂದು ಮೊದಲ ಸಾಲಿನಲ್ಲೇ ಕಟ್ಟಪ್ಪಣೆ. 2009ರಲ್ಲಿ ಅವರಿಗೆ ಈ ಪಟ್ಟಿ ಹಾಕಿದರಂತೆ. ಆಗ ಅವರ ತೂಕ 104 ಕಿಲೋ. ಎರಡು ವರ್ಷದಲ್ಲಿ 78ಕ್ಕೆ ಇಳಿದರು. ಮಂಡಿನೋವು ಹೋಯಿತು, ಮೂರು ಮಹಡಿ ಸಲೀಸಾಗಿ ಹತ್ತಿದರು, ಮಗಳ ಮದುವೆಯಲ್ಲಿ ತಾವೇ ಸೆರಗು ಕಟ್ಟಿ ಬಡಿಸಿದರು. ಅನಂತರ ವರ್ಷಕ್ಕೆ ಒಂದು ಕಿಲೋ, ಎರಡು ಕಿಲೋ ಎಂದು ಮರಳುತ್ತ ಬಂದು ಈಗ 95. "ವೈದ್ಯರನ್ನು ಕಂಡು ಆರು ವರ್ಷವಾಯಿತು. ಅಷ್ಟು ಹಣ ಸುರಿದೂ ಹೀಗಾದೆನಲ್ಲ ಎಂದು ಮುಖ ತೋರಿಸಲು ನಾಚಿಕೆ. ಸಂಘದ ರಾಜ್ಯೋತ್ಸವಕ್ಕೂ ಬರುವುದನ್ನು ಬಿಟ್ಟಿದ್ದೇನೆ. ನನ್ನ ಹಾಗೆ ಆದವರು ಒಬ್ಬರೇ ಒಬ್ಬರು ಮಾತನಾಡಲು ಸಿಕ್ಕಿದರೆ ಸಾಕು" ಎಂದು ಬರೆದಿದ್ದಾರೆ.

ನಾನು ವೈದ್ಯನಲ್ಲ, ಗುಮಾಸ್ತ. ಆದರೆ ಗುಮಾಸ್ತನಿಗೆ ಒಂದು ವಿದ್ಯೆ ಗೊತ್ತು: ನಿಂತುಹೋದ ಕಡತ ಯಾವ ಮೇಜಿನ ಮೇಲೆ ನಿಂತಿದೆಯೆಂದು ಪತ್ತೆಮಾಡಿ ಮುಂದಕ್ಕೆ ಸಾಗಿಸುವುದು. ಈ ವಿಷಯವನ್ನೂ ಹಾಗೆಯೇ ನೋಡೋಣ.

ಮೊದಲು, ಈ ಪಟ್ಟಿಯೆಂಬುದು ಏನು? ಇದನ್ನು 'ಗ್ಯಾಸ್ಟ್ರಿಕ್ ಬ್ಯಾಂಡ್' ಎನ್ನುತ್ತಾರೆ. ಸಿಲಿಕೋನಿನ ಒಂದು ಬಳೆ. ಅನ್ನನಾಳ ಮುಗಿದು ಜಠರ ಮೊದಲಾಗುವ ಎಡೆಯಲ್ಲಿ, ಜಠರದ ಮೇಲ್ಭಾಗಕ್ಕೆ ಇದನ್ನು ಸುತ್ತಿ ಕೂರಿಸುತ್ತಾರೆ. ಜಠರವನ್ನು ಕತ್ತರಿಸುವುದಿಲ್ಲ, ಕರುಳನ್ನು ತಿರುಗಿಸುವುದಿಲ್ಲ. ಬಳೆಯ ಒಳಮೈಗೆ ಸಣ್ಣ ಬಲೂನು. ಅದರಿಂದ ಒಂದು ನಳಿಕೆ. ನಳಿಕೆಯ ತುದಿಗೆ ಚರ್ಮದ ಕೆಳಗೆ ಹುದುಗಿಸಿದ ಪುಟ್ಟ ಬಿಲ್ಲೆ. ವೈದ್ಯರು ಸೂಜಿಯಿಂದ ಆ ಬಿಲ್ಲೆಯ ಮೂಲಕ ಉಪ್ಪುನೀರಿನ ದ್ರಾವಣ ಹಾಕಿದರೆ ಬಳೆ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಬಿಗಿ ಹದವಾಗಿದ್ದರೆ ಸ್ವಲ್ಪ ಉಂಡರೂ ತೃಪ್ತಿಯಾಗುತ್ತದೆ, ಹಸಿವು ತಡವಾಗಿ ಮರಳುತ್ತದೆ.

ಇದರ ಚರಿತ್ರೆಯೂ ಸ್ವಾರಸ್ಯವಾಗಿದೆ. ಹೀಗೆ ಬಿಗಿ ಸಡಿಲ ಮಾಡಬಲ್ಲ ಸಿಲಿಕೋನ್ ಪಟ್ಟಿಯನ್ನು 1986ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಬಳಕೆಗೆ ತಂದವರು ಉಕ್ರೇನಿಯನ್ ಮೂಲದ ಲ್ಯೂಬೊಮಿರ್ ಕುಜ್ಮಾಕ್. ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕವೇ ದೂರ್ಬೀನಿನ ಸಹಾಯದಿಂದ ಅದನ್ನು ಹಾಕಿ ತೋರಿಸಿದವರು ಮಿಟಿಕು ಬೆಲಾಚೆವ್. ಇಥಿಯೋಪಿಯದಲ್ಲಿ ಕುರಿ ಕಾಯುತ್ತಿದ್ದ ಹುಡುಗ ಬೆಲ್ಜಿಯಮ್ಮಿಗೆ ಹೋಗಿ ಶಸ್ತ್ರವೈದ್ಯರಾಗಿ 1993ರಲ್ಲಿ ಈ ಕೆಲಸ ಮಾಡಿದರು. ಇಬ್ಬರೂ ನಮ್ಮ ಹಾಗೆಯೇ ಹುಟ್ಟೂರು ಬಿಟ್ಟು ಬಂದವರು! 2001ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿತು. 2011ರಲ್ಲಿ ಆ ದೇಶದಲ್ಲಿ ನಡೆದ ತೂಕದ ಶಸ್ತ್ರಕ್ರಿಯೆಗಳಲ್ಲಿ ಮೂರರಲ್ಲೊಂದಕ್ಕೂ ಮಿಗಿಲಾಗಿ ಪಟ್ಟಿಯದೇ ಇತ್ತು. ಆಮೇಲೆ ಜಠರವನ್ನೇ ಕತ್ತರಿಸಿ ಸಣ್ಣದು ಮಾಡುವ 'ಸ್ಲೀವ್' ಮುಂದಾಯಿತು. 2018ರ ಹೊತ್ತಿಗೆ ಪಟ್ಟಿಯ ಪಾಲು ನೂರರಲ್ಲಿ ಒಂದಕ್ಕೆ ಇಳಿಯಿತು.

ಈ ಕಡೆಯ ಸಂಗತಿಯಲ್ಲೇ ನಮ್ಮ ಸೋದರಿಯ ಕಷ್ಟದ ಒಂದು ಬೇರಿದೆ. ಪಟ್ಟಿ ಹಾಕಿಸಿಕೊಂಡವರು ಇಂದು ಬಳಗ ಕರಗಿಹೋದ ಜನ. ಹೊಸಬರು ಬರುತ್ತಿಲ್ಲ, ಹಳಬರು ಚೆದರಿಹೋಗಿದ್ದಾರೆ. ಅಕ್ಕಪಕ್ಕದಲ್ಲಿ ಕೇಳೋಣವೆಂದರೆ ಕೇಳಿದವರಿಗೆ ಅದೇನೆಂದೇ ತಿಳಿಯದು.

ಇನ್ನು ತೂಕ ಮರಳುವುದೇಕೆ? 'ನಾಲಗೆ ಹಿಡಿತದಲ್ಲಿಲ್ಲ' ಎಂದು ತೀರ್ಪು ಕೊಡುವುದು ಬಹಳ ಸುಲಭ. ತೀರ್ಪು ಕೊಡುವವರಿಗೆ ಖರ್ಚಿಲ್ಲವಷ್ಟೆ! ಕಾರಣಗಳು ಬೇರೆ ಇವೆ.

ಮೊದಲನೆಯದು ದೇಹದ ಸ್ವಭಾವ. ತೂಕ ಇಳಿದೊಡನೆ ದೇಹ ಅದನ್ನು ಬರಗಾಲವೆಂದು ತಿಳಿದು ಖರ್ಚು ಕಡಿಮೆ ಮಾಡುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ಎರಡನೇ ಮಹಾಯುದ್ಧದ ಕೊನೆಗಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರಿಗೆ ತಿಂಗಳುಗಟ್ಟಲೆ ಅರೆಹೊಟ್ಟೆಯ ಊಟ ಕೊಟ್ಟು ಇದನ್ನು ಕಂಡರು. ಅವರ ದೇಹ ಉರಿಸುವ ಶಕ್ತಿ ಇಳಿಯಿತು. ಹಗಲಿರುಳೂ ಊಟದ ಚಿಂತೆಯೇ ಹಿಡಿಯಿತು. 1999ರಲ್ಲಿ ಜಪಾನಿನವರು ಜಠರದಲ್ಲೇ ಹುಟ್ಟುವ ಹಸಿವಿನ ಹಾರ್ಮೋನು ಒಂದನ್ನು ಕಂಡುಹಿಡಿದು ಅದಕ್ಕೆ 'ಗ್ರೆಲಿನ್' ಎಂದು ಹೆಸರಿಟ್ಟರು. ಇಳಿದ ತೂಕ ಏರಲು ಹವಣಿಸುವುದು ಶೀಲದ ದೋಷವಲ್ಲ, ಮೈಯ ಧರ್ಮ.

ಎರಡನೆಯದು ಪಟ್ಟಿಯ ಸ್ಥಿತಿ. ನಳಿಕೆ ಸೋರಿ ಸಡಿಲವಾಗಿರಬಹುದು. ಪಟ್ಟಿ ಜಾರಿರಬಹುದು. ಅದರ ಮೇಲಣ ಸಣ್ಣ ಚೀಲ ಹಿಗ್ಗಿರಬಹುದು. ಅಪರೂಪವಾಗಿ ಪಟ್ಟಿ ಜಠರದ ಗೋಡೆಯನ್ನು ಕೊರೆದು ಒಳಹೊಕ್ಕಿರುವುದೂ ಉಂಟು.

ಮೂರನೆಯದೇ ವಿಚಿತ್ರ: ಪಟ್ಟಿ ಅತಿ ಬಿಗಿಯಾದರೂ ತೂಕ ಏರುತ್ತದೆ! ಗಟ್ಟಿ ಪದಾರ್ಥ ಇಳಿಯದೆ ಎದೆಯಲ್ಲಿ ನಿಂತು ವಾಂತಿಯಾಗುತ್ತದೆ. ಆಗ ಮನುಷ್ಯ ಯಾವುದು ಇಳಿಯುತ್ತದೋ ಅದರ ಕಡೆ ತಿರುಗುತ್ತಾನೆ. ರೊಟ್ಟಿ ಪಲ್ಯ ನಿಲ್ಲುತ್ತದೆ. ಪಾಯಸ, ಸೀಕರಣೆ, ಐಸ್ಕ್ರೀಮು ತಡೆಯಿಲ್ಲದೆ ಜಾರುತ್ತವೆ. ಬಾಗಿಲು ಕಿರಿದಾದಷ್ಟೂ ಸಕ್ಕರೆಗೆ ದಾರಿ ಸುಗಮ. ಆದಕಾರಣ 'ತೂಕ ಏರಿತು, ಇನ್ನಷ್ಟು ಬಿಗಿಮಾಡಿ' ಎಂದು ಕೇಳುವುದು ಯಾವಾಗಲೂ ಸರಿಯಲ್ಲ. ಎಷ್ಟೋ ಸಲ ಸ್ವಲ್ಪ ಸಡಿಲಿಸಿದರೇ ಗಟ್ಟಿ ಊಟ ಮರಳಿ, ತೂಕ ಇಳಿಯತೊಡಗುತ್ತದೆ.

ಹೀಗಿರುವಲ್ಲಿ, ಕಡತ ನಿಂತಿರುವುದು ಎಲ್ಲಿ? ವೈದ್ಯರ ಮೇಜಿಗೆ ಹೋಗದೆ ನಿಂತಿದೆ. ಮರಳಿ ಹೊರಡುವವರ ಮೊದಲ ಹೆಜ್ಜೆ ಅಲ್ಲಿಗೇ. ಹಳೆಯ ಕಾಗದಪತ್ರ, ಅದರಲ್ಲೂ ಯಾವ ಬಗೆಯ ಪಟ್ಟಿ, ಕಡೆಯ ಸಲ ಎಷ್ಟು ದ್ರಾವಣವಿತ್ತು ಎಂಬ ಚೀಟಿ, ಹುಡುಕಿ ಕೈಯಲ್ಲಿ ಹಿಡಿದುಕೊಳ್ಳಿ. ಹಳೆಯ ವೈದ್ಯರು ಊರು ಬಿಟ್ಟಿದ್ದರೆ ತೂಕದ ಶಸ್ತ್ರಕ್ರಿಯೆ ಮಾಡುವ ಬೇರೆಯವರಾದರೂ ಆದೀತು. ಪಟ್ಟಿಯ ಕೆಲಸ ಬಲ್ಲವರೇ ಎಂದು ಮೊದಲೇ ವಿಚಾರಿಸಿ. ಅನ್ನನಾಳದ ಎಕ್ಸ್‌ರೇ ತೆಗೆದು ಪಟ್ಟಿ ತನ್ನ ಸ್ಥಾನದಲ್ಲಿದೆಯೇ ಎಂದು ನೋಡುತ್ತಾರೆ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಪಟ್ಟಿ ಹಾಕಿಸಿಕೊಂಡು ಮೊದಲ ವರ್ಷ 6ಕ್ಕಿಂತ ಹೆಚ್ಚು ಸಲ ವೈದ್ಯರನ್ನು ಕಂಡವರು ಉಳಿದವರಿಗಿಂತ ಹೆಚ್ಚು ತೂಕ ಇಳಿಸಿದ್ದರು. 'ಬೈಪಾಸ್' ಆದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಎಂದರೆ ಪಟ್ಟಿಯೆಂಬುದು ತಂಬೂರಿಯ ಹಾಗೆ. ಶ್ರುತಿ ಕೂಡಿಸುತ್ತಲೇ ಇರಬೇಕು.

ಒಂದು ಎಚ್ಚರಿಕೆ. ರಾತ್ರಿ ಮಲಗಿದಾಗ ಕೆಮ್ಮು, ಹುಳಿತೇಗು, ಬಾಯಿಗೆ ಮರಳಿ ಬರುವುದು, ಇವು ಪಟ್ಟಿ ಬಿಗಿಯಾಯಿತು ಅಥವಾ ಜಾರಿತು ಎಂಬುದರ ಸೂಚನೆ ಇರಬಹುದು. ನೀರು ಕೂಡ ಇಳಿಯದಿದ್ದರೆ, ಹೊಟ್ಟೆ ತೀವ್ರವಾಗಿ ನೊಂದರೆ, 'ನಾಳೆ ನೋಡೋಣ' ಎನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಎಷ್ಟು ಇಳಿಯುತ್ತದೆಂದು ನಿರೀಕ್ಷಿಸಬೇಕು? ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಪಾಲ್ ಓಬ್ರಿಯನ್ ಮತ್ತು ಸಂಗಡಿಗರು ಪಟ್ಟಿಯವರನ್ನು ಹತ್ತು ಹದಿನೈದು ವರ್ಷ ಅನುಸರಿಸಿ 2013ರಲ್ಲಿ ವರದಿ ಮಾಡಿದರು: ಇರಬೇಕಾದುದಕ್ಕಿಂತ ಹೆಚ್ಚಿದ್ದ ತೂಕದಲ್ಲಿ ಸರಾಸರಿ ಶೇಕಡಾ 47ರಷ್ಟು ಇಳಿದು ನಿಂತಿತ್ತು. ಎಂದರೆ ಅರ್ಧಕ್ಕಿಂತ ತುಸು ಕಡಿಮೆ. ಆ ನಡುವೆ ಅವರಲ್ಲಿ ಅನೇಕರಿಗೆ ಮತ್ತೆ ಶಸ್ತ್ರಕ್ರಿಯೆ ಬೇಕಾಯಿತು. ಪೂರ್ತಿ ಇಳಿಯಲಿಲ್ಲವೆಂದು ಕೊರಗುವವರು ಈ ಅಂಕಿಯನ್ನು ನೆನೆಯಬೇಕು. ಪಟ್ಟಿಯೇ ಕೆಲಸಕ್ಕೆ ಬಾರದಾಗಿದ್ದರೆ ತೆಗೆಸಿ ಬೇರೆ ಶಸ್ತ್ರಕ್ರಿಯೆ ಮಾಡುವುದುಂಟು. ಹಸಿವನ್ನು ತಗ್ಗಿಸುವ ಹೊಸ ಚುಚ್ಚುಮದ್ದುಗಳಾದ ಮೌಂಜಾರೋ, ವೆಗೋವಿಗಳೂ 2025ರಲ್ಲಿ ನಮ್ಮ ದೇಶಕ್ಕೆ ಬಂದುವು. ಯಾರಿಗೆ ಯಾವುದೆಂದು ವೈದ್ಯರೇ ಹೇಳಬೇಕು, ನೆರೆಮನೆಯವರಲ್ಲ.

ಊಟದ ಮಾತಿಗೆ ಬರೋಣ. ಇಂಗ್ಲಿಷಿನ ಪುಸ್ತಕಗಳಲ್ಲಿ ಬ್ರೆಡ್ಡು, ಮಾಂಸದ ತುಂಡು ಎಂದೆಲ್ಲ ಇರುತ್ತದೆ; ನಮ್ಮ ಎಲೆಯ ಲೆಕ್ಕ ಬೇರೆ. ಪಟ್ಟಿಯವರಿಗೆ ಹೇಳುವ ನಿಯಮ: ಹೆಬ್ಬೆರಳಿನ ಉಗುರಿನಷ್ಟು ತುತ್ತು, ಇಪ್ಪತ್ತು ಸಲ ಅಗಿಯುವುದು, ತುತ್ತಿಗೂ ತುತ್ತಿಗೂ ಬಿಡುವು, ಸುಮಾರು ಇಪ್ಪತ್ತು ನಿಮಿಷಕ್ಕೆ ಕೈ ತೊಳೆಯುವುದು, ಊಟದ ಜೊತೆ ನೀರು ಕುಡಿಯದಿರುವುದು. ನಮ್ಮ ಹಳೇ ಮೈಸೂರಿನವರ ರಾಗಿಮುದ್ದೆಯನ್ನು ಅಗಿಯುವುದುಂಟೆ? ನುಂಗುವುದೇ ಅದರ ಶಾಸ್ತ್ರ! ಪಟ್ಟಿಯವರಿಗೆ ಆ ಶಾಸ್ತ್ರ ಸಲ್ಲದು. ಮುದ್ದೆ ಅಲ್ಲೇ ನಿಲ್ಲುತ್ತದೆ. ಬಿಸಿ ಚಪಾತಿ, ಅಂಟಂಟು ಅನ್ನ ಇವೂ ಕೆಲವರಿಗೆ ತಡೆಯುತ್ತವೆ. ಉತ್ತರದ ಕಡೆಯವರ ಕಡಕ್ ಜೋಳದ ರೊಟ್ಟಿಯಾದರೆ ಅಗಿಯದೆ ಗತಿಯಿಲ್ಲ, ಆದ್ದರಿಂದ ಅನೇಕರಿಗೆ ಅನುಕೂಲ. ಎಲೆಯ ಮೇಲೆ ಮೊದಲು ಮುಟ್ಟಬೇಕಾದುದು ಅನ್ನವಲ್ಲ. ಬೇಳೆ, ಉಸಲಿ, ಕೋಸಂಬರಿ, ಪನೀರು, ತಿನ್ನುವವರಾದರೆ ಮೊಟ್ಟೆ ಮೀನು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಿದೆ. ದಿನಕ್ಕೆ 60 ಗ್ರಾಮಿನ ಸುತ್ತಮುತ್ತ ಬೇಕೆನ್ನುತ್ತಾರೆ. ಸಕ್ಕರೆ ಹಾಕಿದ ಕಾಫಿ, ಹಣ್ಣಿನ ರಸ, ಮಿಕ್ಸ್ಚರು, ಚೂಡಾ, ಇವುಗಳ ಲೆಕ್ಕವನ್ನು ಒಂದು ವಾರ ನೋಟುಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ತೂಕ ಎಲ್ಲಿಂದ ಬಂತೆಂದು ಪುಸ್ತಕವೇ ಹೇಳುತ್ತದೆ.

ಕೊನೆಯದಾಗಿ, ಸೋದರಿಯ ನಿಜವಾದ ಕೇಳಿಕೆ: ಜೊತೆ.

ಇದೇನೂ ಸಣ್ಣ ಮಾತಲ್ಲ. 1948ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಎಸ್ತರ್ ಮಾಂಜ್ ಎಂಬ ಗೃಹಿಣಿ ಮೂವರು ಗೆಳತಿಯರೊಡನೆ ತನ್ನ ಅಡುಗೆಮನೆಯ ಮೇಜಿನ ಸುತ್ತ ಕುಳಿತು ತೂಕ ಇಳಿಸುವವರ ಕೂಟವೊಂದನ್ನು ಮೊದಲುಮಾಡಿದಳು. 'ಟಾಪ್ಸ್' ಎಂಬ ಆ ಸಂಸ್ಥೆ ದೇಶಾದ್ಯಂತ ಹಬ್ಬಿತು. 1961ರಲ್ಲಿ ನ್ಯೂಯಾರ್ಕಿನ ಕ್ವೀನ್ಸಿನಲ್ಲಿ ಜೀನ್ ನೈಡೆಚ್ ಎಂಬಾಕೆ, ಸರ್ಕಾರಿ ಚಿಕಿತ್ಸಾಲಯದ ಪಥ್ಯ ಕೈಯಲ್ಲಿದ್ದರೂ ಬಿಸ್ಕತ್ತಿನ ಚಪಲ ಬಿಡಲಾರದೆ, ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ತಾನು ಗುಟ್ಟಾಗಿ ತಿನ್ನುವುದನ್ನು ಹೇಳಿಬಿಟ್ಟಳು. ಕೇಳಿದವರೂ ತಂತಮ್ಮ ಗುಟ್ಟು ಬಿಚ್ಚಿದರು! 1963ರಲ್ಲಿ ಅದೇ 'ವೆಯ್ಟ್ ವಾಚರ್ಸ್' ಆಯಿತು. ಪಥ್ಯದ ಚೀಟಿ ಮೊದಲೂ ಇತ್ತು. ಇಲ್ಲದಿದ್ದುದು ಕೇಳುವ ಕಿವಿ. ಪಟ್ಟಿಯವರ ವಿಷಯದಲ್ಲೂ, ಇಂಥ ಕೂಟಕ್ಕೆ ಬರುತ್ತಿದ್ದವರು ಬರದವರಿಗಿಂತ ಹೆಚ್ಚು ಇಳಿದರೆಂದು 2006ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಛಲವಿದ್ದವರೇ ಕೂಟಕ್ಕೆ ಬಂದಿರಬಹುದೆಂದು ವಾದಿಸಬಹುದು. ಇರಲಿ, ಒಬ್ಬರೇ ಕೂತು ಕೊರಗಿ ಇಳಿದವರನ್ನಂತೂ ಯಾರೂ ಕಂಡಿಲ್ಲ.

ಜೊತೆ ಹುಡುಕುವುದು ಹೇಗೆ? ಶಸ್ತ್ರಕ್ರಿಯೆ ಮಾಡುವ ಆಸ್ಪತ್ರೆಗಳಲ್ಲಿ ಅನೇಕವು ರೋಗಿಗಳ ಕೂಟ ನಡೆಸುತ್ತವೆ, ವಿಚಾರಿಸಿ. ಪಟ್ಟಿಯವರೇ ಸಿಕ್ಕದಿದ್ದರೆ ಸ್ಲೀವ್ ಆದವರು, ಬೈಪಾಸ್ ಆದವರು, ಶಸ್ತ್ರಕ್ರಿಯೆಯಿಲ್ಲದೆ ಹೆಣಗುತ್ತಿರುವವರೂ ಆಗಬಹುದು. ನಾಲ್ಕು ಜನ ಸಾಕು. ಮೂರು ಕಟ್ಟಳೆ ಇರಲಿ: ಕೇಳಿದ್ದು ಹೊರಗೆ ಹೋಗಕೂಡದು, ಏರಿದವರನ್ನು ಬಯ್ಯಕೂಡದು, 'ನನಗೆ ಇಷ್ಟು ಮಿಲಿ ತುಂಬಿದ್ದಾರೆ, ನೀನೂ ತುಂಬಿಸಿಕೋ' ಎಂಬ ವೈದ್ಯಕ್ಕೆ ಇಳಿಯಕೂಡದು. ಪಟ್ಟಿಯಿಂದ ಪಟ್ಟಿಗೆ ಅಳತೆ ಬೇರೆ.

ಪುಣೆಯ ಸಂಗಾತಿಯನ್ನು ಬಯಸುವವರು ಸಂಪಾದಕರ ವಿಳಾಸಕ್ಕೆ, ಲಕೋಟೆಯ ಮೇಲೆ 'ಜೊತೆ' ಎಂದು ಬರೆದು ಕಾಗದ ಹಾಕಿದರೆ ಹೆಸರು ಹೊರಬೀಳದಂತೆ ತಲುಪಿಸಲಾಗುವುದು. ಬೇರೆ ಊರಿನವರೂ ಬರೆಯಬಹುದು.

ಉಳಿದ ನಮಗೂ ಸ್ವಲ್ಪ ಕೆಲಸವಿದೆ. ನಮ್ಮ ಸಮಾರಂಭಗಳಲ್ಲಿ ವರ್ಷಕ್ಕೊಮ್ಮೆ ಕಂಡವರಿಗೆ ನಾವು ಹೇಳುವ ಮೊದಲ ಮಾತು 'ಏನ್ರೀ, ದಪ್ಪ ಆಗಿದ್ದೀರಲ್ಲ!' ಎರಡನೆಯದು 'ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ, ನನ್ನಾಣೆ!' ಮೊದಲನೆಯದರಿಂದ ಮನ ನೊಂದವರು ಎರಡನೆಯದರಿಂದ ಹೊಟ್ಟೆ ನೊಂದು, ಮರುವರ್ಷ ಮನೆಯಲ್ಲೇ ಉಳಿಯುತ್ತಾರೆ. ಯುಗಾದಿಯ ಪಂಕ್ತಿಯಲ್ಲಿ ಬಡಿಸುವವರು 'ಸಾಕೇ?' ಎಂದು ಕೇಳಲಿ. 'ಸಾಕು' ಎಂದರೆ ಮುಂದಿನ ಎಲೆಗೆ ಹೋಗಲಿ. ಅಷ್ಟು ಮಾಡಿದರೆ ಸಂಘಕ್ಕೆ ಖರ್ಚೇನೂ ಇಲ್ಲ, ಹೋಳಿಗೆಯೂ ಉಳಿಯುತ್ತದೆ, ಜನವೂ ಉಳಿಯುತ್ತಾರೆ.